ಬಳ್ಳಾರಿಯಲ್ಲಿ ಮೆಕ್ಸಿಕನ್ ಊಟ: ಹನ್ನೊಂದು ಜನ, ಒಂದು ಉದ್ದ ಟೇಬಲ್, ಅತ್ತೆ ಮೆಚ್ಚಿದ ರೊಟ್ಟಿ

ಮೊದಲೇ ಹೇಳಿಬಿಡುತ್ತೇನೆ, ಹೋಗಿ. ಆದರೆ ಶನಿವಾರ ಇಲ್ಲವೇ ಭಾನುವಾರ ಹೋಗಿ, ಐದಾರು ಜನ ಸೇರಿಕೊಂಡು ಹೋಗಿ, ಜೊತೆಯಲ್ಲಿ ಸಸ್ಯಾಹಾರಿಗಳಿದ್ದರೆ ಆರ್ಡರ್ ಕೊಡುವ ಮುಂಚೆ ಎರಡು ಮಾತು ಕೇಳಿಕೊಳ್ಳಿ. ಏನು ಕೇಳಬೇಕು ಅಂತ ಮುಂದೆ ಬರೆದಿದ್ದೇನೆ. ಹೋಟೆಲ್ ಹೆಸರು ಮಾತ್ರ ಇಲ್ಲಿ ಹಾಕಿಲ್ಲ. ಅವರ ಕಡೆಯಿಂದ ಆದ ಒಂದು ತಪ್ಪನ್ನೂ ಬರೆಯುತ್ತಿದ್ದೇನೆ, ತಪ್ಪು ತಿದ್ದಿಕೊಳ್ಳುವುದಕ್ಕೆ ಅವರಿಗೆ ಸಮಯ ಸಿಗಲಿ ಅಂತ.

ನಾವು ಹೋಗಿದ್ದು ಅಕ್ಕನ ಮಗಳಿಗೋಸ್ಕರ. ರಾಯಚೂರಿನ ಅಗ್ರಿ ಯೂನಿವರ್ಸಿಟಿಯಲ್ಲಿ ಬಿಎಸ್‌ಸಿ ಮುಗಿಸಿ ಬಂದಿದ್ದಾಳೆ. ಎಲ್ಲಿ ಊಟ ಕೊಡಿಸಲಿ ಅಂದರೆ ಈ ಜಾಗದ ಹೆಸರು ಹೇಳಿದಳು. ನಾನು, ನನ್ನ ಹೆಂಡತಿ, ನಮ್ಮ ಇಬ್ಬರು ಮಕ್ಕಳು, ಅಮ್ಮ, ಅಕ್ಕ, ಭಾವ, ಅವಳು, ರಾಯಚೂರಿನಿಂದ ಬಂದಿದ್ದ ಅವಳ ಗೆಳತಿ, ಆಮೇಲೆ ನಮ್ಮ ಮಾವ ಮತ್ತು ಅತ್ತೆ. ಒಟ್ಟು ಹನ್ನೊಂದು ಜನ. ಮಾವ ಅಂದರೆ ಅಮ್ಮನ ತಮ್ಮ. ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ 30 ವರ್ಷ ಲೆಕ್ಕ ಬರೆದವರು. ಸಿರುಗುಪ್ಪ, ಕುರುಗೋಡು ಕಡೆಯ ಕಾಯಿ ಚೀಲ ಚೀಲ ನೋಡಿದ್ದಾರೆ. ಅತ್ತೆ ಜೋಳದ ರೊಟ್ಟಿ ಮಾಡೋದರಲ್ಲಿ ನಮ್ಮ ಮನೆತನಕ್ಕೇ ಮೇಲು. ಇವರಿಬ್ಬರನ್ನೂ ಕರೆದುಕೊಂಡು ಹೋಗಿದ್ದೇ ಆ ದಿನ ನಾನು ಮಾಡಿದ ಒಳ್ಳೆ ಕೆಲಸ.

ಬಟ್ಟೆ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲು ಕಡಿದಾಗಿದೆ, ಲಿಫ್ಟ್ ಇಲ್ಲ, ಮಂಡಿ ನೋವಿರುವ ಹಿರಿಯರಿದ್ದರೆ ಇದು ನೆನಪಿರಲಿ. ಒಳಗೆ ಹೋದರೆ ಜಾತ್ರೆ! ಮೇಲೆಲ್ಲಾ ಬಣ್ಣದ ಕಾಗದ ಕತ್ತರಿಸಿ ಮಾಡಿದ ತೋರಣ, ಗೋಡೆಗೆ ಅಗಲ ಅಂಚಿನ ಟೋಪಿಗಳು, ಬಾಗಿಲಿಗೆ ಚೆಂಡುಹೂವಿನ ಮಾಲೆ. ಚೆಂಡುಹೂವು ನೋಡಿ ಅಮ್ಮ, "ದಸರಾಕ್ಕ ಕಟ್ಟಿದ್ದು ಇನ್ನೂ ತೆಗದಿಲ್ಲೇನು" ಅಂತ ಕೇಳಿದರು. ಅಕ್ಕನ ಮಗಳು ಆಗ ಹೇಳಿದಳು, ಚೆಂಡುಹೂವಿನ ತವರೇ ಮೆಕ್ಸಿಕೊ ಅಂತ. ಅಲ್ಲಿ ನವೆಂಬರ್ ಮೊದಲ ವಾರ ಸತ್ತ ಹಿರಿಯರನ್ನು ನೆನೆಯೋ ಹಬ್ಬ ಇದೆ, ಆಗ ಮನೆ ತುಂಬ ಇದೇ ಹೂವು ಇಡುತ್ತಾರಂತೆ. ನಮ್ಮ ಮಾಳಪಕ್ಷದ ಹಾಗೆ ಅಲ್ವಾ, ಅಂದರು ಅಮ್ಮ. ಕುರ್ಚಿ ಎಳೆದು ಕೂರುವ ಮುಂಚೆಯೇ ನಮ್ಮವರಿಗೆ ಜಾಗ ಹತ್ತಿರವಾಯಿತು.

ಸದ್ದು ಮಾತ್ರ ಜಾಸ್ತಿ. ಹಾಡು, ಚಪ್ಪಾಳೆ, ಹಂಚಿನ ಚುರ್ ಚುರ್, ಪಕ್ಕದ ಟೇಬಲ್‌ನಲ್ಲಿ ಕಾಲೇಜು ಹುಡುಗರ ಹುಟ್ಟುಹಬ್ಬ. ಮಕ್ಕಳಿಗೆ ಖುಷಿಯೋ ಖುಷಿ. ಆದರೆ ಮಾವನಿಗೆ ಎದುರಿಗೆ ಕೂತವರ ಮಾತು ಕೇಳಿಸುತ್ತಿರಲಿಲ್ಲ. ಹುಡುಗನಿಗೆ ಹೇಳಿದ ಮೇಲೆ ನಮ್ಮ ತಲೆ ಮೇಲಿನ ಸ್ಪೀಕರ್ ಒಂದನ್ನು ಆಫ್ ಮಾಡಿದರು. ಕೇಳಿದರೆ ಮಾಡುತ್ತಾರೆ, ಹಿಂಜರಿಯಬೇಡಿ. ಒಳಗಡೆ ಹನ್ನೆರಡು ಜನ ಕೂರುವ ಒಂದು ಸಣ್ಣ ಕೋಣೆಯೂ ಇದೆ, ಅದು ಆ ದಿನ ಬೇರೆಯವರಿಗೆ ಹೋಗಿತ್ತು. ಮನೆಮಂದಿ ಹೋಗುವವರು ಫೋನ್ ಮಾಡಿ ಅದನ್ನೇ ಕೇಳಿ.

ಮೆನು ಪೂರ್ತಿ ಇಂಗ್ಲಿಷ್‌ನಲ್ಲಿದೆ. ಇದು ನನಗೆ ನಿಜವಾಗಿಯೂ ಬೇಸರ ತಂದ ವಿಷಯ. ಬಳ್ಳಾರಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಬರುವ ಜನ ಇದ್ದಾರೆ. ಹಾಗಿದ್ದೂ ಮನೆಯ ಹಿರಿಯರಿಗೆ ಓದಲು ಬರುವ ಒಂದು ಸಾಲೂ ಅದರಲ್ಲಿಲ್ಲ. ಮಾವ ಕನ್ನಡಕ ಹಾಕಿಕೊಂಡರು, ಪುಟ ತಿರುಗಿಸಿದರು, ಮಡಚಿ ಇಟ್ಟರು. ಅಷ್ಟು ದೊಡ್ಡ ವ್ಯವಹಾರದ ಲೆಕ್ಕ ಬರೆದ ಮನುಷ್ಯ ತನಗೇನು ಬೇಕು ಅಂತ ಇನ್ನೊಬ್ಬರನ್ನು ಕೇಳಬೇಕಾಯಿತು. ಒಂದು ಹಾಳೆ ಕನ್ನಡದಲ್ಲಿ ಅಚ್ಚು ಹಾಕಿಸೋಕೆ ಎಷ್ಟು ಖರ್ಚಾಗುತ್ತೆ?

ಪುಣ್ಯಕ್ಕೆ ನಮ್ಮ ಟೇಬಲ್‌ಗೆ ಬಂದ ಹುಡುಗ ಸಿರುಗುಪ್ಪದ ಕಡೆಯವನು, ಬಿಡಿಸಿ ಹೇಳಿದ. ನಿಮಗೂ ಅನುಕೂಲ ಆಗಲಿ ಅಂತ ಇಲ್ಲಿ ಬರೆಯುತ್ತೇನೆ. ಅಲ್ಲಿನ ಭಾಷೆ ಸ್ಪ್ಯಾನಿಷ್, ಎರಡು ಎಲ್ ಒಟ್ಟಿಗೆ ಬಂದರೆ 'ಯ' ಅನ್ನಬೇಕು, ಜೆ ಬಂದರೆ 'ಹ' ಅನ್ನಬೇಕು. ಹಾಗಾಗಿ ಟೊರ್ತಿಯಾ, ಕೆಸಡಿಯಾ, ಫಹಿತಾ, ಹಲಪೆನ್ಯೊ. ಟೊರ್ತಿಯಾ ಅಂದರೆ ತೆಳು ರೊಟ್ಟಿ. ಅದನ್ನು ಮಡಚಿ ಒಳಗೆ ಪಲ್ಯ ಇಟ್ಟರೆ ಟಾಕೊ. ದೊಡ್ಡ ಗೋಧಿ ರೊಟ್ಟಿಯಲ್ಲಿ ಅನ್ನ, ಕಾಳು ಎಲ್ಲಾ ಸುತ್ತಿದರೆ ಬುರಿಟೊ. ಎರಡು ಪದರದ ನಡುವೆ ಚೀಸ್ ಇಟ್ಟು ಕಾಯಿಸಿದರೆ ಕೆಸಡಿಯಾ. ಸಾಲ್ಸಾ ಅಂದರೆ ಚಟ್ನಿ. ಗ್ವಾಕಮೋಲೆ ಅಂದರೆ ಬೆಣ್ಣೆಹಣ್ಣು ಅರೆದು ಈರುಳ್ಳಿ, ನಿಂಬೆಹುಳಿ, ಹಸಿಮೆಣಸು ಹಾಕಿ ಕಲಸಿದ್ದು. ಇಷ್ಟು ತಿಳಿದರೆ ಮೆನು ಅರ್ಧ ಅರ್ಥವಾದ ಹಾಗೆ.

ಮೊದಲು ಬಂದಿದ್ದು ನಾಚೋಸ್, ಅಂದರೆ ಮೆಕ್ಕೆಜೋಳದ ಕರಿದ ಚಿಪ್ಸ್, ಮಕ್ಕಳು ಖಾಲಿ ಮಾಡಿದರು. ಮೇಲೆ ಸುರಿದಿದ್ದ ಚೀಸ್ ಡಬ್ಬಿಯದು, ತಣ್ಣಗಾದ ಮೇಲೆ ಮೇಣದ ಹಾಗೆ ಗಟ್ಟಿಯಾಗುತ್ತೆ. ಗ್ವಾಕಮೋಲೆ ರುಚಿ ಚೆನ್ನಾಗಿತ್ತು, ಹಣ್ಣು ಹದವಾಗಿ ಮಾಗಿತ್ತು, ಆದರೆ 290 ರೂಪಾಯಿಗೆ ಬಂದಿದ್ದು ಒಂದು ಸಣ್ಣ ಬಟ್ಟಲು, ಹನ್ನೊಂದು ಜನಕ್ಕೆ ತಲಾ ಎರಡು ಬೆರಳಲ್ಲಿ ನೆಕ್ಕುವಷ್ಟು. ಮೂರ್ನಾಲ್ಕು ಜನ ಹೋದರೆ ತಗೊಳ್ಳಿ, ದೊಡ್ಡ ಗುಂಪಾದರೆ ಬೇಡ.

ಆಮೇಲೆ ಒಂದು ಬಿದಿರಿನ ಪುಟ್ಟಿಯಲ್ಲಿ ಬಟ್ಟೆ ಸುತ್ತಿದ ಟೊರ್ತಿಯಾ ಬಂತು. ನಾನು ಈ ಬರಹ ಬರೆಯುತ್ತಿರುವುದೇ ಅದಕ್ಕೋಸ್ಕರ.

ಅತ್ತೆ ಒಂದನ್ನು ಕೈಗೆ ತಗೊಂಡರು. ಅಂಗೈ ಅಗಲ ಇತ್ತು. ಬೆಳಕಿಗೆ ಹಿಡಿದರು. ಮೇಲೆ ಅಲ್ಲಲ್ಲಿ ಕಂದು ಚುಕ್ಕೆ, ಅಂಚು ಸ್ವಲ್ಪ ಸೊಟ್ಟ. ಎರಡಾಗಿ ಮಡಚಿದರು, ಮತ್ತೆ ನಾಲ್ಕಾಗಿ ಮಡಚಿದರು. ಬಿರಿಯಲಿಲ್ಲ. ಮೂಗಿನ ಹತ್ತಿರ ಹಿಡಿದು, "ಇದಕ್ಕ ಸುಣ್ಣ ಹಾಕ್ಯಾರ" ಅಂದರು.

ನಾವೆಲ್ಲ ಸುಮ್ನೆ ನೋಡಿದೆವು. ಗೋವಿನಜೋಳದ, ಅಂದರೆ ಮೆಕ್ಕೆಜೋಳದ ರೊಟ್ಟಿಗೆ ಸುಣ್ಣ ಯಾಕೆ? ಅಕ್ಕನ ಮಗಳಿಗೆ ಮಾತ್ರ ನಗು ತಡೆಯೋಕೆ ಆಗಲಿಲ್ಲ. "ಅಜ್ಜಿ, ಹೆಂಗ್ ಗೊತ್ತಾತು ನಿಮಗ? ಇದು ನಮಗ ಒಂದು ಪಾಠಾನೇ ಐತಿ" ಅಂದಳು.

ಅವಳು ಹೇಳಿದ್ದು ಹೀಗೆ. ಮೆಕ್ಕೆಜೋಳ ಹುಟ್ಟಿದ್ದೇ ಮೆಕ್ಸಿಕೊದಲ್ಲಿ, ಸುಮಾರು 9,000 ವರ್ಷಗಳ ಹಿಂದೆ ಒಂದು ಕಾಡು ಹುಲ್ಲನ್ನು ಪಳಗಿಸಿ ಅಲ್ಲಿನ ಜನ ಇದನ್ನು ಬೆಳೆಸಿದರು. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರಾತ್ರಿಯಿಡೀ ಹಾಗೇ ಬಿಡುತ್ತಾರೆ. ಬೆಳಗ್ಗೆ ಕೈಯಲ್ಲಿ ಉಜ್ಜಿದರೆ ಮೇಲಿನ ಸಿಪ್ಪೆ ಬಿಟ್ಟುಕೊಳ್ಳುತ್ತದೆ. ತೊಳೆದು ಹಸಿಯಾಗೇ ಅರೆಯುತ್ತಾರೆ. ಬರೀ ಮೆಕ್ಕೆಜೋಳದ ಹಿಟ್ಟು ಕಲಸಿದರೆ ಜಿಗಿ ಬರುವುದಿಲ್ಲ, ಒಡೆಯುತ್ತದೆ. ಸುಣ್ಣ ತಾಗಿದ ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ, ಅದಕ್ಕೇ ಮಡಚಿದರೂ ಮುರಿಯುವುದಿಲ್ಲ. ಇನ್ನೊಂದು ದೊಡ್ಡ ವಿಷಯ, ಆ ಕಾಳಿನಲ್ಲಿರುವ ನಯಾಸಿನ್ ಅನ್ನೋ ವಿಟಮಿನ್ ನಮ್ಮ ಮೈಗೆ ಸೇರಬೇಕಾದರೆ ಸುಣ್ಣ ಬೇಕು. ಯುರೋಪಿನವರು ಮೆಕ್ಕೆಜೋಳ ತಗೊಂಡು ಹೋದರು, ಸುಣ್ಣದ ಪದ್ಧತಿ ತಗೊಂಡು ಹೋಗಲಿಲ್ಲ. ಬರೀ ಅದನ್ನೇ ತಿಂದು ಬದುಕಿದ ಬಡವರಿಗೆ ಪೆಲಾಗ್ರ ಅನ್ನೋ ಕಾಯಿಲೆ ಬಂತು, ಇಟಲಿಯ ಉತ್ತರ ಭಾಗದಲ್ಲಿ ಊರೂರೇ ನರಳಿದವು. ಮೆಕ್ಸಿಕೊದ ಅಡುಗೆಮನೆಯ ಹೆಂಗಸರು ಸಾವಿರಾರು ವರ್ಷ ಮಾಡಿಕೊಂಡು ಬಂದ ಒಂದು ಕೆಲಸದಲ್ಲಿ ಅಷ್ಟು ದೊಡ್ಡ ತಿಳಿವಳಿಕೆ ಇತ್ತು. ಇದನ್ನು ಹೇಳುವಾಗ ಹುಡುಗಿಯ ಮುಖದಲ್ಲಿ ಎಂಥ ಉತ್ಸಾಹ! ನಾಲ್ಕು ವರ್ಷ ಓದಿದ್ದು ಹೀಗೆ ಊಟದ ಮುಂದೆ ಕೂತು ಅಜ್ಜಿಗೆ ಹೇಳುವ ಹಾಗಾಯಿತಲ್ಲ ಅಂತ ಅಕ್ಕನ ಕಣ್ಣು ತುಂಬಿತು.

ನಮ್ಮ ಮಾತು ಕೇಳಿಸಿಕೊಂಡ ಹುಡುಗ ಒಳಗೆ ಹೋಗಿ ಅಡುಗೆಯವರನ್ನೇ ಕರೆದುಕೊಂಡು ಬಂದ. ನಡುವಯಸ್ಸಿನ ಮನುಷ್ಯ, ಗೋವಾದಲ್ಲಿ ಕೆಲಸ ಕಲಿತವರಂತೆ. ಸುಣ್ಣ ಹಾಕಿ ಮೆಕ್ಕೆಜೋಳ ಬೇಯಿಸೋದು ವಾರಕ್ಕೆ ಎರಡೇ ದಿನ, ಶನಿವಾರ ಮತ್ತು ಭಾನುವಾರಕ್ಕೆ. ಉಳಿದ ದಿನ ಮೈದಾ ರೊಟ್ಟಿ, ಅದು ಪ್ಯಾಕೆಟ್‌ನಲ್ಲಿ ಬರುತ್ತದೆ, ಅಂತ ಅವರೇ ಹೇಳಿದರು. ಮುಚ್ಚಿಡದೆ ಹೇಳಿದ್ದು ಇಷ್ಟವಾಯಿತು. ಅತ್ತೆ ಬಡಿಯುತ್ತೀರೋ ಲಟ್ಟಿಸುತ್ತೀರೋ ಅಂತ ಕೇಳಿದ್ದಕ್ಕೆ, ಎರಡೂ ಅಲ್ಲ ಅಮ್ಮ, ಒತ್ತುತ್ತೇವೆ ಅಂತ ಕಬ್ಬಿಣದ ಎರಡು ತಟ್ಟೆಯ ಒತ್ತುಮಣೆ ತಂದು ತೋರಿಸಿದರು. ನಿಂಬೆಹಣ್ಣಿನ ಗಾತ್ರದ ಉಂಡೆ, ಕೆಳಗೊಂದು ಮೇಲೊಂದು ಪ್ಲಾಸ್ಟಿಕ್ ಹಾಳೆ, ಹಿಡಿ ಒತ್ತಿದರೆ ಮುಗಿಯಿತು. ಹಂಚಿನ ಮೇಲೆ ಎರಡು ಸಲ ತಿರುವಿದ ಮೇಲೆ ಮೂರನೇ ಸಲಕ್ಕೆ ಉಬ್ಬಬೇಕು, ಉಬ್ಬದಿದ್ದರೆ ಹಿಟ್ಟಿನಲ್ಲಿ ನೀರು ಕಡಿಮೆ ಅಂತ ಲೆಕ್ಕ. "ನಮ್ಮ ಜ್ವಾಳದ ರೊಟ್ಟಿಗೂ ಅದಾ ಲೆಕ್ಕ ನೋಡ್ರಿ" ಅಂದರು ಅತ್ತೆ. ಇಬ್ಬರೂ ಹತ್ತು ನಿಮಿಷ ಹಿಟ್ಟಿನ ಮಾತೇ ಆಡಿದರು, ಪಕ್ಕದಲ್ಲಿ ಹಾಡು ಜೋರಾಗಿದ್ದರೂ.

ಚಟ್ನಿಗಳ ಸರದಿ ಮಾವನದ್ದು. ಮೂರು ಬಟ್ಟಲು ಇಟ್ಟರು. ಹಸಿ ಟೊಮೇಟೊ, ಈರುಳ್ಳಿ ಹೆಚ್ಚಿ ಹಾಕಿದ್ದು ಒಂದು, ಹಸಿರು ಒಂದು, ಕಪ್ಪು ಮಿಶ್ರಿತ ಕೆಂಪು ಒಂದು. ಕೊನೆಯದನ್ನು ಮಾವ ಬೆರಳಿನಲ್ಲಿ ತಗೊಂಡು ನಾಲಿಗೆ ತುದಿಗೆ ಇಟ್ಟು, ಕಣ್ಣು ಮುಚ್ಚಿ, "ಹೊಗಿ ಹಾಕಿದ ಕಾಯಿ" ಅಂದರು. ಸರಿಯಾಗಿ ಹೇಳಿದ್ದರು. ಅದು ಚಿಪೊಟ್ಲೆ, ಹಲಪೆನ್ಯೊ ಮೆಣಸಿನಕಾಯಿ ಗಿಡದಲ್ಲೇ ಕೆಂಪಾಗಿ ಹಣ್ಣಾದ ಮೇಲೆ ಹೊಗೆಯಲ್ಲಿ ಒಣಗಿಸಿದ್ದು. ಬ್ಯಾಡಗಿ ಕಾಯಿ ಹಾಗೆ ಖಾರ ಮೆಲ್ಲಗೆ, ಆದರೆ ಹಿಂದೆ ಒಂದು ಸುಟ್ಟ ವಾಸನೆ ಉಳಿಯುತ್ತದೆ. ಸೊಗಸಾದ ಚಟ್ನಿ. ಎರಡು ಸಲ ಕೇಳಿ ಹಾಕಿಸಿಕೊಂಡೆವು, ದುಡ್ಡು ಹಿಡಿಯಲಿಲ್ಲ.

ಮೆಣಸಿನಕಾಯಿಯೂ ಮೆಕ್ಸಿಕೊದ ಕಡೆಯಿಂದಲೇ ಬಂದಿದ್ದು ಅಂತ ಅಕ್ಕನ ಮಗಳು ಹೇಳಿದಾಗ ಮಾವ ಊಟ ನಿಲ್ಲಿಸಿದರು. ನಿಜಾನಾ ಅಂತ ಎರಡು ಸಲ ಕೇಳಿದರು. ಪೋರ್ಚುಗೀಸರ ಹಡಗಿನಲ್ಲಿ ಬಂತು ತಾತ, ಅದಕ್ಕೂ ಮುಂಚೆ ನಮ್ಮಲ್ಲಿ ಖಾರ ಅಂದರೆ ಕಾಳುಮೆಣಸು, ಹಿಪ್ಪಲಿ, ಶುಂಠಿ ಇಂಥವೇ. ಅವರು 1510ರಲ್ಲಿ ಗೋವಾ ಹಿಡಿದರು, ಹಂಪಿಯ ಅರಸರಿಗೆ ಕುದುರೆ ಮಾರಿದರು. ಟೊಮೇಟೊ, ಬೀನ್ಸ್, ಸಪೋಟ, ಕೋಕೊ ಎಲ್ಲಾ ಅದೇ ಕಡೆಯವು. ಟೊಮೇಟೊ, ಚಾಕೊಲೇಟ್, ಸಪೋಟ ಅನ್ನೋ ಮಾತುಗಳೂ ಅಲ್ಲಿನ ಮೂಲನಿವಾಸಿಗಳ ನಾವಾಟ್ಲ್ ಭಾಷೆಯಿಂದಲೇ ಬಂದಿದ್ದು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ದೂರದಿಂದ ಬಂದು ನಮ್ಮ ಮನಿ ನಡಿಸ್ತಲ್ಲ" ಅಂದರು. ಆ ಮಾತು ನನ್ನ ಮನಸ್ಸಲ್ಲಿ ಇನ್ನೂ ಇದೆ.

ಈಗ ತಪ್ಪಿನ ವಿಷಯ. ಟಾಕೊ ಎರಡು ಥರ ಹೇಳಿದ್ದೆವು, ಕಪ್ಪು ಬೀನ್ಸ್‌ನದು ಮತ್ತು ಕೋಳಿಯದು. ಅಮ್ಮ, ಅತ್ತೆ ಮಾಂಸ ಮುಟ್ಟುವವರಲ್ಲ. ತಟ್ಟೆಗಳು ಒಂದೇ ಥರ, ಮೇಲೆ ಹಾಕಿದ ಎಲೆಕೋಸು, ಕೊತ್ತಂಬರಿ, ಬಿಳಿ ಕ್ರೀಮು ಎಲ್ಲಾ ಒಂದೇ ಥರ. ಬೇರೆ ಹುಡುಗನೊಬ್ಬ ಓಡಿ ಬಂದು ಕೋಳಿಯ ತಟ್ಟೆಯನ್ನು ಅತ್ತೆಯ ಮುಂದೆ ಇಟ್ಟು ಹೋದ. ಅತ್ತೆ ಕೈಗೆ ತಗೊಂಡಾಗಿತ್ತು. ರಾಯಚೂರಿನ ಹುಡುಗಿ ಎದುರಿಗೆ ಕೂತಿದ್ದಳು, ಒಳಗಿನ ಬಣ್ಣ ನೋಡಿ "ಅಜ್ಜಿ ತಡೀರಿ" ಅಂತ ಕೈ ಹಿಡಿದಳು. ಒಂದು ಕ್ಷಣ ತಡವಾಗಿದ್ದರೆ ಆ ಸಂತೋಷವೆಲ್ಲ ಹಾಳಾಗುತ್ತಿತ್ತು. ಅತ್ತೆ ಏನೂ ಅನ್ನಲಿಲ್ಲ, ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು, ಆದರೆ ಮುಖ ಬಾಡಿತ್ತು. ನನಗೆ ಸಿಟ್ಟು ಬಂತು, ಮಾಲೀಕರನ್ನು ಕರೆಸಿದೆ.

ಅವರು ಬಂದರು. ನೆಪ ಹೇಳಲಿಲ್ಲ. ಅತ್ತೆಯ ಹತ್ತಿರ ಹೋಗಿ ಬಗ್ಗಿ, "ನಮ್ಮಿಂದ ತಪ್ಪಾಯ್ತು ಅಮ್ಮ" ಅಂದರು. ಆ ಕಡೆ ಇದ್ದ ತಟ್ಟೆಗಳನ್ನೆಲ್ಲ ತೆಗೆಸಿ, ಹೊಸ ತಟ್ಟೆ, ಹೊಸ ಚಮಚ ಇಡಿಸಿ, ಬೀನ್ಸ್ ಟಾಕೊ ಬೇರೆ ಮಾಡಿಸಿ ತಾವೇ ತಂದು ಕೊಟ್ಟರು. ಆಗ ನಾನು ಅಡುಗೆಮನೆ ಬಗ್ಗೆ ವಿಚಾರಿಸಿದೆ. ಹಂಚು ಬೇರೆ ಬೇರೆ ಇದೆ, ಬೀನ್ಸ್‌ಗೆ ಬರೀ ಎಣ್ಣೆ. ಮೆಕ್ಸಿಕೊದಲ್ಲಿ ಅದಕ್ಕೆ ಹಂದಿ ಕೊಬ್ಬು ಹಾಕೋದು ರೂಢಿ, ಇಲ್ಲಿ ಹಾಕಲ್ಲ. ಆದರೆ ಕರಿಯುವ ಬಾಣಲೆ ಒಂದೇ, ಕೋಳಿಯೂ ಅದರಲ್ಲೇ, ನಾಚೋಸ್ ಕೂಡ ಅದರಲ್ಲೇ. ಮೆನುವಿನಲ್ಲಿ ನಾಚೋಸ್ ಮುಂದೆ ಹಸಿರು ಚುಕ್ಕೆ ಇದೆ. ಇದು ಸರಿಯಲ್ಲ, ಅಂತ ನೇರವಾಗಿಯೇ ಹೇಳಿದೆ. ಅಮ್ಮ ನಾಚೋಸ್ ಮುಟ್ಟಿರಲಿಲ್ಲ, ಅದೊಂದು ಸಮಾಧಾನ. ಹಾಗಾಗಿ ನೀವು ಮೊದಲೇ ಕೇಳಬೇಕಾದ ಎರಡು ಮಾತು ಇವು: ಕರಿಯುವ ಎಣ್ಣೆ ಬೇರೆ ಇದೆಯಾ? ಸಸ್ಯಾಹಾರದ ತಟ್ಟೆಗೆ ಏನಾದರೂ ಗುರುತು ಹಾಕಿ ಕೊಡುತ್ತೀರಾ? ಕೋಳಿಯದಕ್ಕೆ ಕೆಂಪು ಕಡ್ಡಿ ಚುಚ್ಚಿ, ತರಕಾರಿಯದಕ್ಕೆ ಹಸಿರು ಕಡ್ಡಿ ಚುಚ್ಚಿ ಅಂತ ನಾನೇ ಹೇಳಿದೆ.

ಅದಾದ ಮೇಲೆ ಬಂದ ಬೀನ್ಸ್ ಟಾಕೊವನ್ನು ಅತ್ತೆ ಮೂರು ತಿಂದರು. ನನ್ನ ಪ್ರಕಾರ ಇಡೀ ಮೆನುವಿನಲ್ಲಿ ಅದೇ ಮೊದಲು. ಬೆಂದ ಕಾಳನ್ನು ಅರ್ಧ ಅರೆದು ಅರ್ಧ ಹಾಗೇ ಬಿಟ್ಟಿದ್ದಾರೆ, ಬೆಳ್ಳುಳ್ಳಿ, ಜೀರಿಗೆ ಹದವಾಗಿದೆ, ಮೇಲೆ ಹುಳಿ ಈರುಳ್ಳಿ. ಬಿಸಿ ಜೋಳದ ರೊಟ್ಟಿ, ಕಾಳು ಪಲ್ಯ, ಹಸಿ ಈರುಳ್ಳಿ ತಿಂದು ಬೆಳೆದ ನಮಗೆ ಇದು ಎಲ್ಲಿಯೋ ಕೇಳಿದ ದನಿಯ ಹಾಗೆ.

ಫಹಿತಾ ಕಾದ ಕಬ್ಬಿಣದ ತಟ್ಟೆಯಲ್ಲಿ ಹೊಗೆ ಎಬ್ಬಿಸಿಕೊಂಡು ಬರುತ್ತದೆ, ಇಡೀ ಹೋಟೆಲ್ ತಿರುಗಿ ನೋಡುತ್ತದೆ. ದೊಣ್ಣೆಮೆಣಸಿನಕಾಯಿ, ಈರುಳ್ಳಿ, ಕೋಳಿ. ಅಸಲಿಗೆ ಇದು ಅಮೆರಿಕದ ಟೆಕ್ಸಾಸ್ ಕಡೆಯ ಅಡುಗೆ, ಆದರೂ ಗುಂಪಿಗೆ ಸರಿಯಾದದ್ದು, ಎಲ್ಲರೂ ಕೈ ಚಾಚಿ ತಿನ್ನಬಹುದು. ಭಾವ ಒಬ್ಬರೇ ಅರ್ಧ ಮುಗಿಸಿದರು. ಶೆಜ್ವಾನ್ ಪನೀರ್ ಬುರಿಟೊ ಮಾತ್ರ ಬೇಡವೇ ಬೇಡ. ಗೋಬಿ ಮಂಚೂರಿ ಬಂಡಿಯ ಸಾಸನ್ನು ರೊಟ್ಟಿಯಲ್ಲಿ ಸುತ್ತಿದ ಹಾಗಿತ್ತು. ಇಷ್ಟು ಒಳ್ಳೆ ಟೊರ್ತಿಯಾ ಮಾಡೋಕೆ ಬರುವವರು ಅದನ್ನು ಯಾಕೆ ಮಾಡಬೇಕು? ನಮ್ಮೂರ ಜನಕ್ಕೆ ಇದೇ ಬೇಕು ಅಂತ ಅಂದುಕೊಂಡಿದ್ದರೆ ಅದು ತಪ್ಪು ಲೆಕ್ಕ, ಒಗ್ಗಾಣಿ ಮಿರ್ಚಿ ತಿನ್ನುವ ಊರಿಗೆ ಖಾರದ ಹೊಸ ರುಚಿ ಕೊಟ್ಟರೆ ಖಂಡಿತ ಹಿಡಿಸುತ್ತೆ.

ಕುಡಿಯೋಕೆ ಒಂದು ಕೆಂಪು ಪಾನಕ ಇದೆ, ಮೆನುವಿನಲ್ಲಿ ಹಮೈಕಾ ಅಂತ. ನಮ್ಮ ಪುಂಡಿಪಲ್ಯದ ಜಾತಿಯದೇ ಗಿಡದ ಕೆಂಪು ಹೂಬಟ್ಟಲು ಒಣಗಿಸಿ, ಕುದಿಸಿ, ಸಕ್ಕರೆ ಹಾಕಿ ತಣ್ಣಗೆ ಮಾಡಿದ್ದು. ಹುಳಿ ಸಿಹಿ. ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ ಇದಕ್ಕಿಂತ ಒಳ್ಳೆಯದು ಕಾಣೆ. 110 ರೂಪಾಯಿ. ಮದ್ಯ ಕೊಡುವುದಿಲ್ಲ, ಮನೆಮಂದಿಗೆ ಅನುಕೂಲ. ಕೊನೆಗೆ ಚುರೋಸ್ ಅನ್ನೋ ಕರಿದ ಸಿಹಿ ತಿಂಡಿ ತಗೊಂಡೆವು, ಬಿಸಿ ಇತ್ತು, ಪರವಾಗಿಲ್ಲ.

ಹೊರಡುವ ಮುಂಚೆ ಹುಡುಗರೆಲ್ಲ ಸುತ್ತ ನಿಂತು ಚಪ್ಪಾಳೆ ತಟ್ಟಿ, ಅಕ್ಕನ ಮಗಳ ತಲೆಗೆ ಆ ದೊಡ್ಡ ಟೋಪಿ ಹಾಕಿದರು. ಅವಳು ಅದನ್ನು ತೆಗೆದು ಮಾವನ ತಲೆಗೆ ಇಟ್ಟಳು. ಆ ಫೋಟೊ ಈಗ ನಮ್ಮ ಮನೆಯವರೆಲ್ಲರ ಫೋನಿನಲ್ಲಿದೆ.

ಬಿಲ್ಲು: ಊಟಕ್ಕೆ 6,260, ಜಿಎಸ್‌ಟಿ ಶೇ 5 ಅಂದರೆ 313, ಒಟ್ಟು 6,573. ತಲೆಗೆ ಸುಮಾರು ಆರು ನೂರು. ಮೊದಲು ಕೊಟ್ಟ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಕೂಡ ಇತ್ತು. ಅದನ್ನು ತಾವಾಗಿಯೇ ಸೇರಿಸುವ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ಹೇಳಿದ ತಕ್ಷಣ ತೆಗೆದರು. ನಮಗೆ ಬಿಡಿಸಿ ಹೇಳಿದ ಸಿರುಗುಪ್ಪದ ಹುಡುಗನಿಗೆ ನಾವೇ ಕೈಗೆ ಕೊಟ್ಟೆವು.

ರಜೆಯ ಸಂಜೆ 8 ಗಂಟೆ ದಾಟಿದರೆ ಜಾಗ ಸಿಗೋದು ಕಷ್ಟ, 7ಕ್ಕೇ ಹೋಗಿ. ಬೈಕಿಗೆ ಕೆಳಗೆ ಜಾಗ ಇದೆ, ಕಾರಿಗೆ ಇಲ್ಲ.

ಹೋದ ಬುಧವಾರ ಅತ್ತೆ ಹತ್ತು ಕಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಕಟ್ಟಿ, ಆ ಅಡುಗೆಯವರಿಗೆ ಕೊಟ್ಟು ಬಾ ಅಂತ ಕಳಿಸಿದರು. ಹೋದಾಗ ನೋಡಿದೆ, ಟಾಕೊ ತಟ್ಟೆಗಳ ಮೇಲೆ ಹಸಿರು, ಕೆಂಪು ಕಡ್ಡಿಗಳು ಬಂದಿವೆ. ಎರಡನೇ ಬಾಣಲೆ ಇನ್ನೂ ಬಂದಿಲ್ಲ, ತಿಂಗಳೊಳಗೆ ತರಿಸುತ್ತೇವೆ ಅಂದಿದ್ದಾರೆ. ಬಂದ ಮೇಲೆ ಅಮ್ಮನಿಗೆ ನಾಚೋಸ್ ಕೊಡಿಸಿ ಹೇಗಿತ್ತು ಅಂತ ಬರೆಯುತ್ತೇನೆ.